ದೊಡ್ಡ ಮಷಿನ್ ಇಲ್ಲದೆ ಮನೆಯಲ್ಲೇ ಕೌದಿ ಹೊಲಿಯೋದು ಹೇಗೆ? ಮಾಡಿದವರು ಹೇಳಿ

ಹಾಸನ, ವಿದ್ಯಾನಗರದಿಂದ ಕೇಳಿದ್ದು

ಮನೆಯಲ್ಲಿ ಅತ್ತೆಯವರ ಕಾಲದ, ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ ಇದೆ. ಹಳೆ ಕಾಟನ್ ಸೀರೆ, ಚೂಡಿದಾರದ ತುಂಡುಗಳನ್ನು ಜೋಡಿಸಿ 60 ಇಂಚು ಅಗಲ, 90 ಇಂಚು ಉದ್ದದ ಮೇಲುಬಟ್ಟೆ ಮಾಡಿಟ್ಟಿದ್ದೇನೆ. ಮಧ್ಯೆ ಹತ್ತಿಯ ಹಾಳೆ, ಕೆಳಗೆ ಸೀರೆ ಇಟ್ಟು ಹೊಲಿದರೆ ಕೆಳಗಿನ ಬಟ್ಟೆ ಸುಕ್ಕಾಗುತ್ತದೆ. ಒಂದು ಹಂತ ದಾಟಿದ ಮೇಲೆ ಕೌದಿ ಮಷಿನ್ ಒಳಗೆ ತೂರುವುದೇ ಇಲ್ಲ. ವಿಡಿಯೋಗಳಲ್ಲಿ ಎಲ್ಲರೂ ಲಾಂಗ್‌ಆರ್ಮ್ ಮಷಿನ್ ತೋರಿಸುತ್ತಾರೆ. ಅದರ ಬೆಲೆ ಕೇಳಿ ಸುಮ್ಮನಾದೆ. ಇರುವುದರಲ್ಲೇ ಮಾಡಿದವರು ಯಾರಾದರೂ ಇದ್ದೀರಾ?

ಬೇಲೂರಿನಿಂದ

ಇದ್ದೇವೆ ಅಕ್ಕ. ಲಾಂಗ್‌ಆರ್ಮ್‌ನಲ್ಲಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ, ಮಷಿನ್ ಅದರ ಮೇಲೆ ಓಡಾಡುತ್ತದೆ. ನಮ್ಮ ಮನೆಯಲ್ಲಿ ಮಷಿನ್ ಕೂತಲ್ಲೇ ಕೂತಿರುತ್ತದೆ, ಬಟ್ಟೆ ಓಡಾಡಬೇಕು. ವ್ಯತ್ಯಾಸ ಇಷ್ಟೇ. ಹಾಗಾಗಿ ಆ ಚೌಕಟ್ಟು ಮಾಡುವ ಕೆಲಸವನ್ನು ನಾವು ಮೊದಲೇ ನೆಲದ ಮೇಲೆ ಮುಗಿಸಿಕೊಳ್ಳಬೇಕು.

ಕೆಳಗಿನ ಸೀರೆಯನ್ನು ಉಲ್ಟಾ ಹಾಸಿ, ನಾಲ್ಕೂ ಕಡೆ ಅಗಲದ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಬಿಗಿಯಾಗಿರಲಿ, ಆದರೆ ಜಗ್ಗಿ ಎಳೆಯಬೇಡಿ. ಜಗ್ಗಿದ ಬಟ್ಟೆ ಟೇಪ್ ತೆಗೆದ ಕೂಡಲೇ ಮುದುಡಿಕೊಳ್ಳುತ್ತದೆ. ಅದರ ಮೇಲೆ ಹತ್ತಿಯ ಹಾಳೆ, ಆಮೇಲೆ ಮೇಲುಬಟ್ಟೆ. ಹಾಳೆಯೂ ಕೆಳಗಿನ ಬಟ್ಟೆಯೂ ಸುತ್ತಲೂ 3 ಇಂಚು ಜಾಸ್ತಿ ಇರಲಿ. ಈಗ ಮಧ್ಯದಿಂದ ಶುರು ಮಾಡಿ ಅಂಚಿನ ಕಡೆಗೆ ಸೇಫ್ಟಿ ಪಿನ್ ಹಾಕುತ್ತಾ ಹೋಗಿ. ಅಂಗೈ ಎಲ್ಲಿಟ್ಟರೂ ಒಂದು ಪಿನ್ ಕೈಗೆ ಸಿಗಬೇಕು, ಅಂದರೆ ಸುಮಾರು 4 ಇಂಚಿಗೊಂದು. ಪಿನ್ ಅಷ್ಟಿಲ್ಲ ಅಂದರೆ ದಪ್ಪ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಬೇಜಾರಿನ ಕೆಲಸ, ಸೊಂಟವೂ ಹಿಡಿದುಕೊಳ್ಳುತ್ತದೆ. ಆದರೆ ಕೌದಿ ಚೆನ್ನಾಗಿ ಬರೋದು, ಕೆಡೋದು ಎರಡೂ ಇಲ್ಲೇ.

ಇನ್ನು ಸುಕ್ಕಿನ ವಿಷಯ. ಮಷಿನ್‌ನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಮೇಲಿನ ಪಾದ ಮೇಲುಬಟ್ಟೆಯನ್ನು ಒತ್ತಿ ತಡೆಯುತ್ತದೆ. ಎರಡೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ನಿಮ್ಮ ಮಷಿನ್ ತಲೆಯ ಮೇಲೆ ಪಾದದ ಒತ್ತಡದ ತಿರುಪು ಇರುತ್ತದೆ, ಅದನ್ನು ಸ್ವಲ್ಪ ಸಡಿಲ ಮಾಡಿ. ವಾಕಿಂಗ್ ಫೂಟ್ ಅಂತ ಒಂದು ಪಾದ ಸಿಗುತ್ತದೆ. ಅದು ಮೇಲಿನ ಬಟ್ಟೆಯನ್ನೂ ಹಲ್ಲಿನಿಂದ ಹಿಡಿದು ಮುಂದೆ ದೂಡುತ್ತದೆ. ಎಲ್ಲ ಹಳೆ ಮಷಿನ್‌ಗೂ ಅದು ಕೂರುವುದಿಲ್ಲ. ನಿಮ್ಮ ಪಾದವನ್ನು ಬಿಚ್ಚಿಕೊಂಡು ಅಂಗಡಿಗೆ ಹೋಗಿ, ಅಳತೆ ನೋಡಿ ತನ್ನಿ. ಸೂಜಿ 16 ನಂಬರ್ ಹಾಕಿ, ಹೊಲಿಗೆ ಒಂದೊಂದೂ 3 ಮಿಲಿಮೀಟರ್ ಇರಲಿ. ಬ್ಲೌಸ್ ಹೊಲಿಯುವ ಸಣ್ಣ ಹೊಲಿಗೆ ಇದಕ್ಕೆ ಬೇಡ.

ತೂರುವುದಿಲ್ಲ ಅಂದಿರಿ. ಮನೆ ಮಷಿನ್‌ನಲ್ಲಿ ಸೂಜಿಯಿಂದ ಒಳಗೆ ಸಿಗುವ ಜಾಗ 6-7 ಇಂಚು ಅಷ್ಟೇ. ಹಾಗಾಗಿ ಎರಡೂ ಬದಿಯಿಂದ ಸುತ್ತಿಕೊಂಡು ಬಂದು ಮಧ್ಯದ ಸಾಲು ಮೊದಲು ಹೊಲಿಯಿರಿ. ಆಮೇಲೆ ಬಲಗಡೆಯ ಸುರುಳಿ ಬಿಚ್ಚುತ್ತಾ ಆ ಬದಿಯ ಅಂಚಿನ ತನಕ ಹೋಗಿ. ಅದು ಮುಗಿದ ಮೇಲೆ ಕೌದಿಯನ್ನೇ ತಿರುಗಿಸಿ ಇನ್ನೊಂದು ಅರ್ಧ. ಹೀಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಬಟ್ಟೆ ಯಾವತ್ತೂ ಮಷಿನ್ ಒಳಗೆ ಇರುವುದಿಲ್ಲ. ಒಂದೊಂದು ಅರ್ಧದಲ್ಲೂ ಸಾಲುಗಳನ್ನೆಲ್ಲ ಒಂದೇ ದಿಕ್ಕಿಗೆ ಹೊಲಿಯಿರಿ. ಒಂದು ಮೇಲಿಂದ ಕೆಳಗೆ, ಇನ್ನೊಂದು ಕೆಳಗಿಂದ ಮೇಲೆ ಹೋದರೆ ನಡುವಿನ ಬಟ್ಟೆ ಓರೆಯಾಗುತ್ತದೆ. ಮಷಿನ್ ಹಿಂದೆ, ಎಡಕ್ಕೆ ಒಂದೊಂದು ಟೇಬಲ್ ಇಟ್ಟುಕೊಳ್ಳಿ. ಕೌದಿ ಜೋತುಬಿದ್ದರೆ ಅದರ ಭಾರಕ್ಕೇ ಹೊಲಿಗೆ ಸೊಟ್ಟಗಾಗುತ್ತದೆ, ಸೂಜಿಯೂ ಮುರಿಯುತ್ತದೆ.

ತುಳಿಯುವ ಮಷಿನ್ ಅಂತ ಬೇಸರ ಬೇಡ. ಕರೆಂಟ್ ಹೋದರೂ ನಿಲ್ಲಲ್ಲ. ವೇಗವಂತೂ ನಿಮ್ಮ ಕಾಲಲ್ಲೇ ಇದೆ.

ಸಕಲೇಶಪುರದಿಂದ

ಮೇಲಿನವರು ಹೊಲಿಗೆ ಹೇಳಿದರು. ನಾನು ಮಧ್ಯದ ಹಾಳೆ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಟವೆಲ್ ಒಣಗಿಸುವುದೇ ಕಷ್ಟ, ಇನ್ನು ಕೌದಿ ಕೇಳಬೇಕಾ? ದಪ್ಪ ಹತ್ತಿ ಹಾಕಿದರೆ ಒಳಗೆ ತೇವ ಉಳಿದು ಮುಗ್ಗಲು ವಾಸನೆ ಬರುತ್ತದೆ. ಪಾಲಿಯೆಸ್ಟರ್ ಹಾಳೆ ಬೇಗ ಒಣಗುತ್ತದೆ, ಹಗುರ, ಮಷಿನ್ ಒಳಗೆ ಸುತ್ತಿ ತೂರಿಸುವುದಕ್ಕೂ ಸುಲಭ. ಆದರೆ ಮೇಲೆ ಬಿಸಿ ಇಸ್ತ್ರಿ ಇಡಬೇಡಿ, ಕರಗಿ ಚಪ್ಪಟೆಯಾಗುತ್ತದೆ. ಹಾಸನದ ಕಡೆ ಇಷ್ಟು ಮಳೆ ಇಲ್ಲ, ನಿಮಗೆ ಹತ್ತಿಯೇ ಆದೀತು. ಬಿಡಿ ಅರಳೆ ತುಂಬುವುದಾದರೆ ಮಾತ್ರ ಸಾಲು ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಒಗೆದಾಗ ಗಂಟುಗಟ್ಟುತ್ತದೆ.

ನನಗಂತೂ ಎರಡೂ ಬೇಡ. ಮಧ್ಯೆ ಹಳೆ ಪಂಚೆ, ಇಲ್ಲವೇ ತೆಳುವಾದ ಹಳೆ ಹೊದಿಕೆ ಹಾಕುತ್ತೇನೆ. ಒಗೆದೂ ಒಗೆದೂ ಕುಗ್ಗುವುದೆಲ್ಲ ಕುಗ್ಗಿರುತ್ತದೆ. ಹೊಸ ಕಾಟನ್ ಬಟ್ಟೆ ಸೇರಿಸುವುದಾದರೆ ಮೊದಲು ಒಗೆದು ಒಣಗಿಸಿ ಆಮೇಲೆ ಕತ್ತರಿಸಿ. ಕೆಂಪು, ಕಪ್ಪು ಬಟ್ಟೆ ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಿ ಕೂರಬೇಡಿ.

ಚಿಕ್ಕಮಗಳೂರಿನಿಂದ

ನಾನು ದೊಡ್ಡ ಕೌದಿಯನ್ನು ಮಷಿನ್‌ಗೆ ಒಡ್ಡುವುದೇ ಇಲ್ಲ. 15 ಇಂಚಿನ ಚೌಕ ಮಾಡಿಕೊಂಡು, ಒಂದೊಂದಕ್ಕೂ ಹಾಳೆ, ಅಸ್ತರು ಇಟ್ಟು ಬೇರೆ ಬೇರೆಯಾಗಿ ಹೊಲಿಯುತ್ತೇನೆ. ಕೊನೆಗೆ ಎರಡೂ ಬದಿಗೆ ಸಣ್ಣ ಪಟ್ಟಿ ಕೊಟ್ಟು ಚೌಕಗಳನ್ನು ಸೇರಿಸುತ್ತೇನೆ. 60ಕ್ಕೆ 90 ಅಂದರೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು ಚೌಕ. ಮಕ್ಕಳು ಶಾಲೆಗೆ ಹೋದ ಮೇಲೆ ಒಂದು ಚೌಕ ಮುಗಿಸಿ ಎತ್ತಿಡಬಹುದು, ಮನೆ ತುಂಬ ಹರಡಿಕೊಳ್ಳುವುದಿಲ್ಲ. ನಿಮ್ಮ ಮೇಲುಬಟ್ಟೆ ಆಗಲೇ ಜೋಡಿಸಿ ಆಗಿದೆ ಅಲ್ವಾ? ಹಾಗಿದ್ದರೆ ಇದು ಮುಂದಿನ ಕೌದಿಗೆ.

ಇನ್ನೊಂದು ಮಾತು. ಹೂವು ಬಳ್ಳಿ ಡಿಸೈನ್ ಬೇಕು ಅಂದರೆ ಹಲ್ಲು ಕೆಳಗಿಳಿಸಿ ಬಟ್ಟೆಯನ್ನು ಕೈಯಲ್ಲೇ ಓಡಿಸಬೇಕು. ಮಷಿನ್ ಎಂಬ್ರಾಯ್ಡರಿ ಕಲಿತವರಿಗೆ ಇದು ಗೊತ್ತೇ ಇರುತ್ತದೆ. ಕೈ ಕೂರುವ ತನಕ ದಿಂಬಿನ ಕವರ್ ಅಳತೆಯಲ್ಲಿ ಮಾಡಿ ನೋಡಿ.

ಕಡೂರಿನಿಂದ

ಎಲ್ಲರೂ ಮಷಿನ್ ಮಷಿನ್ ಅನ್ನುತ್ತಿದ್ದೀರಿ. ಕೌದಿಗೆ ಸೂಜಿ ದಾರ ಸಾಕು! ಮನೆಯವರ ಕೆಲಸದ ಮೇಲೆ ಯಲ್ಲಾಪುರದಲ್ಲಿದ್ದಾಗ ಸಿದ್ದಿ ಹೆಂಗಸರು (ಆಫ್ರಿಕಾ ಮೂಲದ ಸಮುದಾಯದವರು) ಹೊಲಿಯುವುದನ್ನು ಕೂತು ನೋಡಿದ್ದೇನೆ. ಆ ಕಡೆ ಹಳಿಯಾಳ, ಮುಂಡಗೋಡದಲ್ಲೂ ಅವರಿದ್ದಾರೆ. ಅವರದು ಬೇಲೂರಿನವರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ಹೊಲಿಯುತ್ತಾ ಹೊಲಿಯುತ್ತಾ ಮಧ್ಯಕ್ಕೆ ಬರುತ್ತಾರೆ. ಮೇಲಿನ ತುಂಡುಗಳನ್ನು ಮೊದಲೇ ಜೋಡಿಸುವುದಿಲ್ಲ. ಕೈಗೆ ಸಿಕ್ಕ ತುಂಡಿನ ಅಂಚು ಮಡಚಿ ಇಟ್ಟು, ಅಲ್ಲೇ ಎಲ್ಲ ಪದರ ಸೇರಿಸಿ ಹೊಲಿದುಬಿಡುತ್ತಾರೆ. ಮುಂದೆ ಸುಕ್ಕು ಬರುತ್ತದೆ ಅನ್ನಿಸಿದರೆ ಆ ಜಾಗಕ್ಕೆ ಮುಂದಿನ ತುಂಡು ಕೂರಿಸುವಾಗಲೇ ಸರಿಮಾಡಿಕೊಳ್ಳುತ್ತಾರೆ. ಪಿನ್ನೂ ಇಲ್ಲ, ಟೇಪೂ ಇಲ್ಲ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಚಿಕ್ಕ ಹೂವು ಇಡುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ನೋಡಲು ಎಷ್ಟು ಚೆನ್ನ!

ನಿಮ್ಮ ಮೇಲುಬಟ್ಟೆಗೆ ಕೈ ಹೊಲಿಗೆ ಹಾಕುವುದಾದರೆ ಎಂಬ್ರಾಯ್ಡರಿ ಅಂಗಡಿಯಲ್ಲಿ ಸಿಗುವ 8 ನಂಬರ್ ಪರ್ಲ್ ಕಾಟನ್ ದಾರ ತನ್ನಿ. ಕಾಲು ಇಂಚಿನ ಎಳೆ ಹೊಲಿಗೆ (ರನ್ನಿಂಗ್ ಸ್ಟಿಚ್) ಸಾಕು, ಸಾಲು ನೇರ ಬರಬೇಕೆಂದೂ ಇಲ್ಲ. ನಡುಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಿ, ಇಲ್ಲದಿದ್ದರೆ ಮರುದಿನ ಪಾತ್ರೆ ತೊಳೆಯಲು ಆಗಲ್ಲ.

ಬೇಲೂರಿನಿಂದ ಮತ್ತೆ

ಕಡೂರಿನವರು ಹೇಳಿದ್ದು ಸರಿ, ಆದರೆ ಆ ಪದ್ಧತಿಯನ್ನು ಮಷಿನ್‌ಗೆ ತರಬೇಡಿ. ಅಂಚು ಮೊದಲು ಹೊಲಿದು ಒಳಗೆ ಬಂದರೆ ಹೆಚ್ಚಾದ ಬಟ್ಟೆಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಮಧ್ಯೆ ಉಬ್ಬಿ ನಿಲ್ಲುತ್ತದೆ. ಕೈಯಲ್ಲಾದರೆ ತುಂಡು ತುಂಡಾಗಿ ಸರಿಮಾಡುತ್ತಾರೆ, ಅದಕ್ಕೇ ನಡೆಯುತ್ತದೆ. ಮಷಿನ್ ಆದರೆ ಮಧ್ಯದಿಂದ ಹೊರಗೆ, ಅಷ್ಟೇ.

ವಿದ್ಯಾನಗರದಿಂದ

ಎಲ್ಲರಿಗೂ ಧನ್ಯವಾದ. ಮಧ್ಯದಿಂದ ನೇರ ಸಾಲುಗಳನ್ನು ಮಷಿನ್‌ನಲ್ಲಿ ಹಾಕಿ, ಸುತ್ತಲಿನ ಬಾರ್ಡರ್‌ಗೆ ಮಾತ್ರ ಕೈ ಹೊಲಿಗೆ ಅಂದುಕೊಂಡಿದ್ದೇನೆ. ಕೆಳಗಿನ ಬಟ್ಟೆಗೆ ಒಂದೇ ಸೀರೆ ಸಾಕಾ?

ಬೇಲೂರಿನಿಂದ

ಸಾಕು. ಐದೂವರೆ ಮೀಟರ್ ಸೀರೆ ಅಂದರೆ ಸುಮಾರು 216 ಇಂಚು. 96 ಇಂಚಿನ ಎರಡು ತುಂಡು ಮಾಡಿ, ಪಕ್ಕಪಕ್ಕ ಇಟ್ಟು ಉದ್ದದ ಅಂಚಿನಲ್ಲಿ ಜೋಡಿಸಿ. ಅಗಲ 66 ಇಂಚು ಬೇಕು, ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಹೆಚ್ಚಾದ ಅಗಲವನ್ನು ಕಾಲಿಗೆ ತಾಗುವ ಅಂಚಿನ ಕಡೆಯಿಂದಲೇ ಕತ್ತರಿಸಿ ತೆಗೆಯಿರಿ, ಅಲ್ಲೇ ಬಟ್ಟೆ ಮೊದಲು ಜೀರ್ಣವಾಗಿರುವುದು. ಕತ್ತರಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ, ಮಡಿಕೆಯಲ್ಲಿ ಸವೆದಿದ್ದರೆ ಬೇರೆ ಸೀರೆ ತಗೊಳ್ಳಿ. ಉಳಿದ ತುಂಡಿನಲ್ಲಿ ಸುತ್ತಲಿನ ಪಟ್ಟಿಯೂ ಆಗುತ್ತದೆ.