ಅಂಗವೈಕಲ್ಯದ ಹೆಚ್ಚುವರಿ ಖರ್ಚನ್ನು ಲೆಕ್ಕಕ್ಕೆ ತರುವುದು ಹೇಗೆ?

ಪ್ರಶ್ನೆ

ಬೆನ್ನುಹುರಿಗೆ ಪೆಟ್ಟಾದಂದಿನಿಂದ ನನ್ನ ಪತಿ ಗಾಲಿಕುರ್ಚಿಯಲ್ಲಿಯೇ ಓಡಾಡುತ್ತಾರೆ, ಕೆಲಸಕ್ಕೂ ಹೋಗುತ್ತಾರೆ. ಅವರನ್ನು ನೋಡಿಕೊಳ್ಳಬೇಕಾದ್ದರಿಂದ ನಾನು ಅರ್ಧ ದಿನದ ಕೆಲಸವನ್ನಷ್ಟೇ ಉಳಿಸಿಕೊಂಡಿದ್ದೇನೆ. ಇಬ್ಬರ ಸಂಬಳವನ್ನೂ ಕೂಡಿಸಿ ನೋಡಿದರೆ ನಮ್ಮದು ಕೊರತೆಯ ಸಂಸಾರವೆಂದು ಯಾರೂ ಹೇಳಲಾರರು, ಆದರೂ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಆಸ್ಪತ್ರೆಯ ಬಿಲ್ಲು ಎದ್ದು ಕಾಣುತ್ತದೆ. ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಕೆ), ಕೈಗವಸು, ಬಸ್ಸು ಹತ್ತಲಾಗದೆ ಹಿಡಿಯುವ ಟ್ಯಾಕ್ಸಿ, ಏರಿದ ವಿದ್ಯುತ್ ಬಿಲ್ಲು ಇವೆಲ್ಲ ಮನೆಖರ್ಚಿನೊಳಗೆ ಕರಗಿಹೋಗುತ್ತವೆ. ಇವನ್ನು ಹೇಗೆ ಲೆಕ್ಕ ಹಾಕಬೇಕು, ಎಲ್ಲಿ ಕಡಿಮೆ ಮಾಡಬಹುದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಅಂಗವೈಕಲ್ಯವು ಎರಡು ಬಗೆಯ ತೊಡಕನ್ನು ಒಡ್ಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಿವರಿಸಿದ್ದಾರೆ: ದುಡಿದು ಗಳಿಸುವುದು ಕಷ್ಟವಾಗುತ್ತದೆ, ಗಳಿಸಿದ್ದರಲ್ಲಿ ಇತರರಂತೆ ಬದುಕುವುದೂ ಕಷ್ಟವಾಗುತ್ತದೆ. ಸಂಬಳದ ಅಂಕಿಯನ್ನಷ್ಟೇ ನೋಡುವವರಿಗೆ ಎರಡನೆಯದು ಕಾಣುವುದೇ ಇಲ್ಲ. ಆದ್ದರಿಂದ ಖರ್ಚಿನ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಕಾಲಂ ಎಳೆದು, ಪೂರ್ತಿ ಮೊತ್ತದ ಬದಲು ವ್ಯತ್ಯಾಸವನ್ನು ಮಾತ್ರ ಬರೆಯಿರಿ. ಟ್ಯಾಕ್ಸಿಗೆ ಕೊಟ್ಟದ್ದರಲ್ಲಿ ಬಸ್ಸಿನ ದರವನ್ನು ಕಳೆದು ಉಳಿದದ್ದೇ ಹೆಚ್ಚುವರಿ ಖರ್ಚು.

ಸವೆಯುವ ವಸ್ತುಗಳು ಇನ್ನೂ ಮೋಸಗೊಳಿಸುತ್ತವೆ. ಕುರ್ಚಿಯ ದಿಂಬು, ಟೈರು, ವಿದ್ಯುತ್ ಕುರ್ಚಿಯಾದರೆ ಬ್ಯಾಟರಿ, ಇವು ಹಾಳಾಗುವುದು ಖಚಿತವಾಗಿದ್ದರೂ ಹಾಳಾದ ದಿನ ನಾವು ಅದನ್ನು ಆಕಸ್ಮಿಕವೆಂದು ಕರೆಯುತ್ತೇವೆ. ಪ್ರತಿಯೊಂದರ ಬೆಲೆಯನ್ನು ಅದು ಬಾಳುವ ತಿಂಗಳುಗಳಿಂದ ಭಾಗಿಸಿ, ಬಂದ ಮೊತ್ತವನ್ನು ಬಾಡಿಗೆಯಂತೆ ತಿಂಗಳ ಮೊದಲಲ್ಲೇ ಎತ್ತಿಡುವುದು ಒಳ್ಳೆಯದು.

ಎರಡನೆಯ ಉತ್ತರ

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಕಾಲಂ ತುಂಬಿದ ಕೂಡಲೇ ಅದರ ಮೇಲೆ ಕತ್ತರಿ ಆಡಿಸುವ ಆಸೆ ಹುಟ್ಟುತ್ತದೆ. ಅದರ ಬಗ್ಗೆ ಎಚ್ಚರವಿರಲಿ. ಸ್ಪರ್ಶಜ್ಞಾನವಿಲ್ಲದ ಕಡೆ ಚರ್ಮ ಒತ್ತಿದರೂ ನೋವು ತಿಳಿಯುವುದಿಲ್ಲ, ಆದ್ದರಿಂದ ಚಪ್ಪಟೆಯಾದ ದಿಂಬನ್ನೇ ಮುಂದುವರಿಸಿದರೆ ಹಾಸಿಗೆ ಹುಣ್ಣಾಗಿ, ಅದು ಮಾಯಲು ತಿಂಗಳುಗಟ್ಟಲೆ ಹಿಡಿದು, ಆ ಅವಧಿಯ ದುಡಿಮೆಯೂ ನಿಂತುಹೋಗಬಹುದು. ಒಮ್ಮೆ ಮಾತ್ರ ಬಳಸಬೇಕಾದ ಕ್ಯಾಥೆಟರನ್ನು ವೈದ್ಯರನ್ನು ಕೇಳದೆ ಮರುಬಳಸುವುದೂ ಇಂಥದೇ ಉಳಿತಾಯ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾಗಿದ್ದರೆ ದೇಹ ತನ್ನ ತಾಪವನ್ನು ಸರಿಯಾಗಿ ನಿಭಾಯಿಸಲಾರದು. ಹಾಗಿದ್ದಲ್ಲಿ ಕೋಣೆಯನ್ನು ತಂಪಾಗಿಯೋ ಬೆಚ್ಚಗೋ ಇಡಲು ತೆರುವ ವಿದ್ಯುತ್ ಹಣವು ಔಷಧದ ಖರ್ಚಿಗೆ ಸಮ.

ಉಳಿಸಲು ಜಾಗವಿರುವುದು ಕೊಳ್ಳುವ ಮುನ್ನ. ಬಿಡಿಭಾಗ ಎಲ್ಲೆಡೆ ಸಿಗುತ್ತದೆಯೇ, ಬ್ಯಾಟರಿ ಸಾಮಾನ್ಯ ಅಳತೆಯದೇ, ದುರಸ್ತಿ ಯಾರು ಮಾಡುತ್ತಾರೆ ಎಂದು ಕೇಳಿ. ಅಗ್ಗದ ಕುರ್ಚಿಯ ಬಿಡಿಭಾಗ ಒಬ್ಬನೇ ಮಾರಾಟಗಾರನ ಬಳಿ ಸಿಗುವುದಾದರೆ ಅದು ಅಗ್ಗವಲ್ಲ. ಸ್ವಲ್ಪ ಕಾಲಕ್ಕೆ ಬೇಕಾದುದನ್ನು ಬಾಡಿಗೆಗೆ ಪಡೆಯಿರಿ. ಕೆಲವು ಸಲ ದುಬಾರಿ ಸಲಕರಣೆಯೇ ಬೇಕಾಗುವುದಿಲ್ಲ: ಮಾತನ್ನು ಬರಹವಾಗಿಸುವ ಸೌಲಭ್ಯ ಈಗ ಬಹುತೇಕ ಫೋನುಗಳಲ್ಲೇ ಇದೆ, ಅಂಧರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವೂ ಉಚಿತ.

ಮೂರನೆಯ ಉತ್ತರ

ನಿಮ್ಮ ಪಟ್ಟಿಯಲ್ಲಿ ದೊಡ್ಡ ಖರ್ಚೊಂದು ಬಿಟ್ಟುಹೋಗಿದೆ, ಅದು ನೀವು ಬಿಟ್ಟುಕೊಟ್ಟ ಅರ್ಧ ದಿನದ ಸಂಬಳ. ಅದನ್ನೂ ಬರೆದರೆ, ವಾರಕ್ಕೆ ಕೆಲವು ಗಂಟೆ ಸಂಬಳದ ಸಹಾಯಕರನ್ನಿಟ್ಟು ನೀವು ಹೆಚ್ಚು ಹೊತ್ತು ದುಡಿಯುವುದು ಲಾಭವೋ ನಷ್ಟವೋ ಎಂಬುದನ್ನು ಊಹೆಯಿಲ್ಲದೆ ತೀರ್ಮಾನಿಸಬಹುದು. ಗಂಡನನ್ನು ನೋಡಿಕೊಳ್ಳುವುದಕ್ಕೆ ಬೆಲೆ ಕಟ್ಟುವುದೇ ಎಂದು ಮನಸ್ಸು ಅಳುಕುವುದು ಸಹಜ, ಆದರೆ ಇಲ್ಲಿ ಬೆಲೆ ಕಟ್ಟುತ್ತಿರುವುದು ನಿಮ್ಮ ಸಮಯಕ್ಕೆ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯು, ಬಡತನದಲ್ಲಿರುವ ಅಂಗವಿಕಲರಿಗೂ ಅವರ ಕುಟುಂಬಗಳಿಗೂ ಅಂಗವೈಕಲ್ಯದ ಖರ್ಚಿಗೆ ಸರ್ಕಾರದ ನೆರವು ದೊರೆಯಬೇಕೆಂದು ಹೇಳುತ್ತದೆ. ಆರೈಕೆ ಮಾಡುವವರಿಗೆ ಬಿಡುವು ಕೊಡುವ ವ್ಯವಸ್ಥೆಯೂ ಅದರಲ್ಲಿ ಸೇರಿದೆ. ತೊಂದರೆಯೆಂದರೆ, ಬಡತನವನ್ನು ಆದಾಯದಿಂದಷ್ಟೇ ಅಳೆದಾಗ ನಿಮ್ಮಂಥವರು ಗೆರೆಯ ಆಚೆಗೆ ಉಳಿಯುತ್ತಾರೆ. ಹಾಗಾಗಿ ಅರ್ಜಿಯೊಂದಿಗೆ ವ್ಯತ್ಯಾಸದ ಕಾಲಂನ ಪ್ರತಿ, ರಸೀದಿಗಳು ಮತ್ತು ಪ್ರತಿ ವಸ್ತು ಏಕೆ ಅಗತ್ಯವೆಂದು ವೈದ್ಯರು ಬರೆದ ಪತ್ರ ಇವನ್ನು ಲಗತ್ತಿಸಿ. ಕೋರಿಕೆ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿಯೇ ಕೇಳಿ ಪಡೆದು, ಮೇಲ್ಮನವಿಯ ಗಡುವು ಮುಗಿಯುವ ಮೊದಲೇ ಅದಕ್ಕೆ ಉತ್ತರಿಸಿ.