ಕುಮಟಾವೋ ಕಾರವಾರವೋ: ಮನೆ ಹಿಡಿಯುವ ಮೊದಲು ಹೊಳೆ ನೋಡುವುದು ಹೇಗೆ?

ಕೇಳಿದ್ದು: ಹುಬ್ಬಳ್ಳಿಯಿಂದ ವರ್ಗ ಆಗ್ತಿದೆ. ಕುಮಟಾ, ಕಾರವಾರ ಎರಡರಲ್ಲಿ ಒಂದನ್ನು ಆರಿಸಬಹುದು. ಕೆರೆಯಲ್ಲಿ ಗಾಳ ಹಾಕಿ ಗೊತ್ತು, ಉಪ್ಪುನೀರು ಹೊಸದು. ಬಾಡಿಗೆ ಮನೆ ಹಿಡಿಯುವ ಮೊದಲೇ ಮೀನು ಎಲ್ಲಿ ಚೆನ್ನಾಗಿದೆ ಅಂತ ತಿಳಿಯೋದು ಹೇಗೆ? ಶಿರಸಿ ಕಾಡಲ್ಲಿ ಬೇಟೆಗೆ ಪರವಾನಗಿ ಸಿಗುತ್ತಾ?

ಶಿರಸಿಯಿಂದ:
ಬೇಟೆಯ ಮಾತು ಇಲ್ಲಿಗೇ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವ್ಯಾಸಕ್ಕೆ ಬೇಟೆಯಾಡಲು ಈಗ ಪರವಾನಗಿ ಅನ್ನುವುದೇ ಇಲ್ಲ. ಊರಲ್ಲಿ ಕೆಲವರ ಮನೆಯಲ್ಲಿ ಕೋವಿ ಕಾಣಬಹುದು. ಅದು ಬೆಳೆ ರಕ್ಷಣೆಗೆ ಕೊಟ್ಟದ್ದು, ಕಾಡಿಗೆ ಒಯ್ಯಲಿಕ್ಕಲ್ಲ. ಉರುಳು ಹಾಕಿದರೂ ಕೇಸೇ. ದಾಂಡೇಲಿ ಕಡೆ ಕಾಳಿ ನದಿಯಲ್ಲಿ ಮೊಸಳೆಗಳಿವೆ, ಹುಲಿ ಸಂರಕ್ಷಿತ ಪ್ರದೇಶದೊಳಗೆ ಗಾಳವೂ ನಡೆಯದು. ಜಲಾಶಯಗಳಲ್ಲಿ ಮೀನಿನ ಹಕ್ಕು ಗುತ್ತಿಗೆದಾರರ ಅಥವಾ ಸಹಕಾರ ಸಂಘದ ಕೈಯಲ್ಲಿ ಇರಬಹುದು, ಮೀನುಗಾರಿಕೆ ಇಲಾಖೆಯಲ್ಲಿ ಕೇಳದೆ ದಡಕ್ಕೆ ಇಳಿಯಬೇಡಿ. ನಿಮ್ಮ ಹವ್ಯಾಸಕ್ಕೆ ಘಟ್ಟದ ಕೆಳಗೇ ಜಾಗ.

ಕುಮಟಾದಿಂದ:
ಪೇಟೆಯ ಮೀನು ನೋಡಿ ಊರನ್ನು ಅಳೆಯಬೇಡಿ. ಅಲ್ಲಿನ ಬಂಗಡೆ, ಇಸ್ವಾಣ ಬರುವುದು ಬೋಟಿನಿಂದ, ದಡದಲ್ಲಿ ನಿಂತವರ ಗಾಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೀನು ಮಾರುವ ಅಕ್ಕಂದಿರ ಹತ್ತಿರ ಹೋಗಿ "ಹೊಳೆ ಮೀನು ಯಾವುದಿದೆ?" ಅಂತ ಕೇಳಿ. ಅವರ ಬುಟ್ಟಿಯಲ್ಲಿ ಕುರುಡಿ, ಕೆಂಬೇರಿ ಮೀನು, ದೊಡ್ಡ ಶೆಟ್ಲಿ (ಸಿಗಡಿ) ವಾರದಲ್ಲಿ ಮೂರು ನಾಲ್ಕು ದಿನ ಕಂಡರೆ ಹೊಳೆ ಚೆನ್ನಾಗಿದೆ ಅಂತ ಲೆಕ್ಕ.

ಆಮೇಲೆ ಇಳಿತದ ಹೊತ್ತಿಗೆ ಸೇತುವೆಯ ಕಂಬ ನೋಡಿ. ನೀರು ಇಳಿದ ಗೆರೆಯ ಕೆಳಗೆ ಕಲ್ಲಿಗೆ ಕಚ್ಚಿದ ಚಿಪ್ಪು ದಪ್ಪಗಿದ್ದರೆ ವರ್ಷದ ಹೆಚ್ಚಿನ ದಿನ ಉಪ್ಪುನೀರು ಅಲ್ಲಿವರೆಗೆ ಏರುತ್ತದೆ. ಚಿಪ್ಪು ತೆಳ್ಳಗಾಗಿ ಪಾಚಿ ಶುರುವಾದ ಕಡೆಯಿಂದ ಮೇಲೆ ಸಿಹಿನೀರಿನ ಪ್ರಭಾವ ಹೆಚ್ಚು. ನಮ್ಮ ಅಘನಾಶಿನಿ ಹೊಳೆಗೆ ಅಣೆಕಟ್ಟೆ ಇಲ್ಲ, ಅದಕ್ಕೇ ತದಡಿಯಿಂದ ಮೇಲೆ ಇಷ್ಟೊಂದು ಬಳಚು (ತಿನ್ನುವ ಚಿಪ್ಪುಜೀವಿ). 2024ರಲ್ಲಿ ಈ ಅಳಿವೆ (ಹೊಳೆ ಕಡಲು ಸೇರುವ ಜಾಗ) ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿತು.

ಒಳ್ಳೆಯ ಜಾಗ ಅಂದರೆ ಗಜನಿಯ (ಉಪ್ಪುನೀರು ನುಗ್ಗುವ ಹೊಳೆಬದಿಯ ಗದ್ದೆ) ಜಂತ್ರಡಿ ಬಾಯಿ, ಅಂದರೆ ನೀರು ಬಿಡುವ ಹಲಗೆ ಬಾಗಿಲು. ಇಳಿತ ಶುರುವಾಗಿ ಹಲಗೆ ಎತ್ತಿದಾಗ ಗದ್ದೆಯೊಳಗಿನ ನೀರಿನ ಜೊತೆ ಶೆಟ್ಲಿ ಮರಿ ಹೊರಗೆ ಹರಿಯುತ್ತದೆ, ಕುರುಡಿ ಅದಕ್ಕೇ ಕಾದು ನಿಂತಿರುತ್ತದೆ. ಆದರೆ ಒಳಗಿನ ಮೀನು ಗುತ್ತಿಗೆ ಹಿಡಿದವರದ್ದು. ಅವರನ್ನು ಕೇಳಿ, ಹೊರಮೈಯಲ್ಲಿ ಮಾತ್ರ ಗಾಳ ಬಿಡಿ. ಈ ಒಂದು ಮರ್ಯಾದೆ ತಪ್ಪಿದರೆ ಊರವರು ನಿಮ್ಮನ್ನು ಮತ್ತೆ ದಡಕ್ಕೆ ಬಿಡುವುದಿಲ್ಲ, ಬಿಡಬಾರದು ಕೂಡ.

ಭರತದ ಲೆಕ್ಕ: ಅಮಾವಾಸ್ಯೆ, ಹುಣ್ಣಿಮೆಗೆ ಅಳಿವೆ ಬಾಯಲ್ಲಿ ಹಗಲಿನ ಭರತ ಸುಮಾರು ಮಧ್ಯಾಹ್ನಕ್ಕೆ ತುಸು ಮುಂಚೆ ತುಂಬುತ್ತದೆ. ದಿನಕ್ಕೆ ಹತ್ತಿರ ಹತ್ತಿರ 50 ನಿಮಿಷ ಮುಂದೆ ಹೋಗುತ್ತದೆ, ದಿವಗಿಯಂಥ ಮೇಲಿನ ಜಾಗಕ್ಕೆ ಇನ್ನೂ ತಡ. ಅಷ್ಟಮಿಯ ಆಸುಪಾಸು ಸಂಜೆಗೆ ಭರತ ಬಂದರೂ ಸೆಳೆತ ಕಮ್ಮಿ. ಕಚೇರಿ ಮುಗಿಸಿ ಹೋಗುವವರಿಗೆ ಹುಣ್ಣಿಮೆ ಕಳೆದು ಎರಡು ಮೂರು ದಿನ ಚೆನ್ನ: ನೀರಿನ ಓಟ ಇನ್ನೂ ಜೋರು, ಸಂಜೆ ಬೆಳಕಿನಲ್ಲಿ ಇಳಿತ ಸಿಗುತ್ತದೆ.

ಕಾರವಾರದಿಂದ:
ಕಾಳಿಯನ್ನು ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ ಮಾರಾಯ್ರೆ. ಮೇಲೆ ಕದ್ರಾದಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟರೆ ಬೇಸಿಗೆಯಲ್ಲೂ ಸಿಹಿನೀರು ಕೆಳಗೆ ತಳ್ಳುತ್ತದೆ, ನಿನ್ನೆ ಮೀನು ಕಚ್ಚಿದ ಜಾಗ ಇವತ್ತು ಖಾಲಿ. ಅಂಥ ದಿನ ಸದಾಶಿವಗಡ, ಕೋಡಿಬಾಗದ ಕಡೆ, ಅಳಿವೆ ಬಾಯಿಗೆ ಹತ್ತಿರ ಬನ್ನಿ. ಬಿಣಗಾ, ಅರಗಾ ಸುತ್ತ ನೌಕಾನೆಲೆ, ಅಲ್ಲಿ ನಿಲ್ಲುವ ಯೋಚನೆಯೂ ಬೇಡ.

ಸಾಮಾನು: ಹೊಳೆಗೆ 7–8 ಅಡಿ ರಾಡ್, 3000–4000 ಅಳತೆಯ ರೀಲ್, 20–30 ಪೌಂಡ್ ಬ್ರೇಡ್ (ಹೆಣೆದ ದಾರ). ತುದಿಗೆ ಒಂದು ಮೀಟರ್‌ನಷ್ಟು 40–50 ಪೌಂಡ್ ಲೀಡರ್ (ಗಾಳಕ್ಕೆ ಕಟ್ಟುವ ಗಟ್ಟಿ ದಾರ) ಬೇಕೇ ಬೇಕು. ಕುರುಡಿಯ ಕಿವಿರು ಮುಚ್ಚಳದ ಅಂಚು ಬ್ಲೇಡಿನ ಹಾಗೆ, ತಲೆ ಕೊಡವಿದರೆ ಬರಿ ಬ್ರೇಡ್ ಕತ್ತರಿಸಿ ಹೋಗುತ್ತದೆ. ಜೀವಂತ ಶೆಟ್ಲಿಯನ್ನು 2/0 ಅಳತೆಯ ಗಾಳಕ್ಕೆ ತಲೆಯ ಮುಂದಿನ ಕೊಂಬಿನ ಬುಡದಲ್ಲಿ ಅಡ್ಡವಾಗಿ ಚುಚ್ಚಿ. ತಲೆಯೊಳಗೆ ಕಪ್ಪಗೆ ಕಾಣುವ ಕಲೆಗೆ ತಾಗಿದರೆ ಅಲ್ಲೇ ಸತ್ತುಬಿಡುತ್ತದೆ, ಸತ್ತದ್ದನ್ನು ಏಡಿ ಮುಗಿಸುತ್ತದೆ. ಮನೆಗೆ ಬಂದ ಕೂಡಲೇ ರೀಲಿಗೆ ಸಿಹಿನೀರು ಹನಿಸಿ ಒರೆಸಿ. ನಲ್ಲಿಯ ಜೋರು ಧಾರೆ ಹಿಡಿದರೆ ಉಪ್ಪು ಇನ್ನೂ ಒಳಗೆ ನುಗ್ಗುತ್ತದೆ.

ಹೊನ್ನಾವರದಿಂದ:
ದೂರದಿಂದ ನೋಡಿದರೆ ಶರಾವತಿಯೇ ದೊಡ್ಡದು. ಆದರೆ ಲಿಂಗನಮಕ್ಕಿ, ಗೇರುಸೊಪ್ಪೆಯಿಂದ ವರ್ಷವಿಡೀ ಸಿಹಿನೀರು ಬರುವುದರಿಂದ ಬಳಚು ಮೊದಲಿನ ಹಾಗಿಲ್ಲ. ಉಪ್ಪುನೀರಿನ ಮೀನೇ ಬೇಕಿದ್ದರೆ ಕುಮಟಾ ಹಿಡಿಯಿರಿ.

ಅಂಕೋಲೆಯಿಂದ:
ಎರಡು ಸಲವಾದರೂ ಬಂದು ನೋಡಿ, ಒಮ್ಮೆ ಫೆಬ್ರವರಿ–ಮಾರ್ಚಲ್ಲಿ, ಒಮ್ಮೆ ಜುಲೈಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದರಿಂದ ಆಗ ಪೇಟೆಯಲ್ಲಿ ಹೊಳೆ ಮೀನು ಎಷ್ಟಿದೆ ಅಂತ ಸರಿಯಾಗಿ ಗೊತ್ತಾಗುತ್ತದೆ. ಗಂಗಾವಳಿ ಆಗ ಕೆಂಪಗೆ ಹರಿಯುತ್ತದೆ, ಪ್ಲಾಸ್ಟಿಕ್ ಮೀನು ಹಾಕಿ ಪ್ರಯೋಜನ ಇಲ್ಲ, ವಾಸನೆ ಇರುವ ಎರೆಯೇ ಬೇಕು.

ಮನೆ ನೋಡುವಾಗ ಹೊಳೆ ಎಷ್ಟು ಹತ್ತಿರ ಅನ್ನುವುದಕ್ಕಿಂತ ದಡಕ್ಕೆ ಸಾರ್ವಜನಿಕ ದಾರಿ ಇದೆಯೇ ಅಂತ ಕೇಳಿ. ಎಷ್ಟೋ ಕಡೆ ದಡಕ್ಕೆ ಹೋಗುವುದೇ ಯಾರದೋ ತೋಟದ ಮೂಲಕ. ಬಾವಿ ನೀರನ್ನು ಏಪ್ರಿಲ್–ಮೇಯಲ್ಲಿ ಬಾಯಿಗೆ ಹಾಕಿ ನೋಡಿ, ಅಳಿವೆಯ ಪಕ್ಕದ ಬಾವಿಗಳು ಆಗ ಉಪ್ಪಾಗುವುದುಂಟು. ಬಂಡೆಯ ಮೇಲೆ ನಿಲ್ಲುವುದಿದ್ದರೆ ಮೊದಲು 15–20 ನಿಮಿಷ ಸುಮ್ಮನೆ ನಿಂತು ಅಲೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಸಮುದ್ರ ಶಾಂತವಾಗಿ ಕಾಣುತ್ತದೆ. ಬಂಡೆ ಎಲ್ಲಿವರೆಗೆ ಒದ್ದೆಯಾಗಿದೆಯೋ ಅಲ್ಲಿಂದ ಮೇಲೆಯೇ ನಿಲ್ಲಿ. ಮಳೆಗಾಲದಲ್ಲಂತೂ ಬಂಡೆ ಹತ್ತಲೇಬೇಡಿ.