ಅಪ್‌ಡೇಟ್: ತಮ್ಮನಿಗಾಗಿ ಟ್ರಸ್ಟ್, ಕೊನೆಗೂ ಆಯ್ತು
ನನ್ನ ವಿಶೇಷ ಚೇತನ ತಮ್ಮನಿಗಾಗಿ ಅಪ್ಪ ಗದಗಿನ ಮನೆಯನ್ನು ಟ್ರಸ್ಟ್‌ಗೆ ಬಿಡಬೇಕು ಅಂತಿದ್ದರು. ಸ್ಟಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಕಾ ಅಂತ ಕೇಳಿದ್ದೆ ಅಲ್ವಾ?

ಸಾಲದು. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮನೆ, ಹೊಲ ಇದ್ದರೆ ಸಹಿ ಮಾಡಿದ ಪತ್ರ ನೋಂದಣಿ ಆಗಲೇಬೇಕು. ಇಲ್ಲವೇ ವಿಲ್‌ನಲ್ಲಿ ಬರೆದಿರಬೇಕು. ಬರೀ ದುಡ್ಡಾದರೆ ಟ್ರಸ್ಟಿಗೆ, ಅಂದರೆ ತಮ್ಮನ ಪರವಾಗಿ ಆಸ್ತಿ ನೋಡಿಕೊಳ್ಳುವವರಿಗೆ, ಒಪ್ಪಿಸಿದರೂ ನಡೆಯುತ್ತದೆ.

ನಮ್ಮ ಮೊದಲ ಕರಡಿನಲ್ಲಿ 'ಮಗನನ್ನು ನೋಡಿಕೊಳ್ಳುತ್ತೀರೆಂದು ಆಶಿಸುತ್ತೇನೆ' ಅಂತಿತ್ತು. ಧಾರವಾಡದ ವಕೀಲರು ನಕ್ಕುಬಿಟ್ಟರು. 'ಸುಮ್ನೆ ಆಸೆ ಬರೆದರೆ ಟ್ರಸ್ಟ್ ಆಗೋದಿಲ್ರೀ' ಅಂದರು! ಉದ್ದೇಶ, ಫಲಾನುಭವಿ, ಆಸ್ತಿ, ಮೂರೂ ಸ್ಪಷ್ಟವಾಗಿರಬೇಕಂತೆ. ಟ್ರಸ್ಟಿಗಳು ನಾನು ಮತ್ತು ಸೋದರಮಾವ.

ಹೋದ ವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಪ್ಪ ಸಹಿ ಹಾಕಿದರು. ತಮ್ಮ ಹೊರಗೆ ಗಿರ್ಮಿಟ್ ತಿನ್ನುತ್ತಾ ಕೂತಿದ್ದ.